ಡಾಕ್ಟರಾದೆ, ಹೆಣವಾದೆ

ನನಗೆ ಸುಮ್ಮನೆ ಕೂರೋಕೆ ಬರಲ್ಲ, ಸುಮ್ಮನೆ ಕೂರದವರಿಗೆ ವಾರಕ್ಕೊಂದಾದರೂ ಏನಾದರೂ ಆಗುತ್ತಲೇ ಇರುತ್ತದೆ.

ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಒಂದು ಸೀಟ್‌ಬೆಲ್ಟ್ ಕಂಪನಿಯ ಟೆಸ್ಟಿಂಗ್ ಲ್ಯಾಬಿನಲ್ಲಿ ಹದಿನೇಳು ವರ್ಷ ಕೆಲಸ ಮಾಡಿದೆ. ಒಂದು ದಿನ ಲ್ಯಾಬನ್ನೇ ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೋದರು. ನಾನು ಪಕ್ಕದ ಊರು ಪ್ಲಿಮತ್ತಿನ ಮನೆಯಲ್ಲಿ ಉಳಿದೆ. ಮೊದಲ ವಾರ ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದೆ. ಎರಡನೇ ವಾರ ತೊಳೆದ ಡಬ್ಬಗಳನ್ನೇ ಮತ್ತೆ ತೊಳೆದೆ. ಮೂರನೇ ವಾರ ನಮ್ಮನೆಯವರ ಸಾಕ್ಸುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಪ್ಲೀಸ್ ಗೆಟ್ ಎ ಲೈಫ್" ಅಂದಳು. ಹತ್ತಿರದ ಕಾಲೇಜಿನಲ್ಲಿ ಸಂಜೆ ನಟನೆಯ ಕ್ಲಾಸ್ ಇತ್ತು. ಸೇರಿದೆ.

ಈಗ ಆರು ವರ್ಷವಾಯಿತು. ಶಿಕಾಗೋದಲ್ಲಿ ಒಬ್ಬಳು ಏಜೆಂಟ್ ಇದ್ದಾಳೆ. ನನ್ನ ಫೋಟೋದ ಕೆಳಗೆ ಅವಳು "ಬಹುಮುಖ ಪ್ರತಿಭೆ" ಅಂತ ಬರೆದು, ಮಾಡಬಲ್ಲ ಪಾತ್ರಗಳ ಪಟ್ಟಿ ಕೊಟ್ಟಿದ್ದಾಳೆ: ಡಾಕ್ಟರ್, ಡಾಕ್ಟರ ತಾಯಿ, ರೋಗಿ. ಅವಳ ಫೋನ್ ಬಂದೀತು ಅಂತ ನಾನು ಫೋನನ್ನು ಬಚ್ಚಲಿಗೂ ತೆಗೆದುಕೊಂಡು ಹೋಗುತ್ತೇನೆ. ಫೋನ್ ಬರದ ದಿನಗಳಲ್ಲಿ, ದೇಶ ಬಿಟ್ಟು ಓಡಿಬಂದ ಕುಟುಂಬಗಳಿಗೆ ಮನೆ, ಹಾಸಿಗೆ, ಚಳಿ ಕೋಟು ಹೊಂದಿಸಿಕೊಡುವ ನಮ್ಮ ಸಣ್ಣ ಗುಂಪಿನ ಕೆಲಸ ಇರುತ್ತದೆ. ಒಂದು ಕಾಲು ಶಿಕಾಗೋದಲ್ಲಿ, ಇನ್ನೊಂದು ಡೆಟ್ರಾಯಿಟ್‌ನಲ್ಲಿ. ನಡುವೆ ಇನ್ನೂರೆಂಬತ್ತು ಮೈಲಿ.

ಬೀಳುವ ಪಾತ್ರ

ನನ್ನ ಮೊದಲ ಪಾತ್ರ ಬಿದ್ದವಳದು. ಆಬರ್ನ್ ಹಿಲ್ಸ್‌ನ ಒಂದು ಕಾರ್ಖಾನೆಯಲ್ಲಿ ಹೊಸ ಕೆಲಸಗಾರರಿಗೆ ತೋರಿಸುವ ಸುರಕ್ಷತಾ ಚಿತ್ರ. ಎರಡೇ ದೃಶ್ಯ. ಮೊದಲನೆಯದು ತಪ್ಪು ವಿಧಾನ: ನಾನು ಗಡಿಬಿಡಿಯಲ್ಲಿ ಬಂದು ಎಣ್ಣೆಯ ಮೇಲೆ ಕಾಲಿಟ್ಟು ಜಾರಿ ಬೀಳಬೇಕು. ಎರಡನೆಯದು ಸರಿಯಾದ ವಿಧಾನ: ಹೆಲ್ಮೆಟ್ ಹಾಕಿಕೊಂಡು, ಕಂಬಿ ಹಿಡಿದುಕೊಂಡು, ನಿಧಾನವಾಗಿ ಮೆಟ್ಟಿಲಿಳಿಯಬೇಕು.

ಹತ್ತು ದಿನ ಮನೆಯ ಕಾರ್ಪೆಟ್ ಮೇಲೆ ಬೀಳುವ ಅಭ್ಯಾಸ ಮಾಡಿದೆ. ನಮ್ಮನೆಯವರು ಮೂಳೆ ಡಾಕ್ಟರು. ಪೇಪರ್ ಕೆಳಗಿಳಿಸದೆ, "ನಾನು ಮನೇಲಿ ಪ್ರಾಕ್ಟೀಸ್ ಮಾಡಲ್ಲ, ನೆನಪಿರಲಿ" ಅಂದರು.

ಅವತ್ತು ಕ್ಯಾಮೆರಾ ಮುಂದೆ ಬೀಳೋಕೆ ಹೋದರೆ ಹೆದರಿಕೆ. ಮೊದಲು ಒಂದು ಕೈ ನೆಲಕ್ಕೆ, ಆಮೇಲೆ ಮಂಡಿ, ಆಮೇಲೆ ಮೆಲ್ಲಗೆ ಸೊಂಟ. ನೋಡಿದವರಿಗೆ ಸತ್ಯನಾರಾಯಣ ಪೂಜೆಗೆ ಕೂತ ಹಾಗೆ ಕಾಣಬೇಕು. ನಿರ್ದೇಶಕ, "ಮೇಡಂ, ನೀವು ಬೀಳ್ತಾ ಇಲ್ಲ, ಕೂರ್ತಾ ಇದೀರಿ" ಅಂತ ಹನ್ನೆರಡು ಸಲ ಹೇಳಿದ. ಹದಿಮೂರನೇ ಸಲ ಕೈಬಿಟ್ಟು, "ಹೋಗಲಿ, ಸರಿಯಾದ ವಿಧಾನವನ್ನಾದರೂ ಮುಗಿಸೋಣ" ಅಂದ.

ಹೆಲ್ಮೆಟ್ ಹಾಕಿಕೊಂಡೆ. ಕಂಬಿ ಹಿಡಿದೆ. ಇದಾದರೂ ನನಗೆ ಬರುತ್ತದಲ್ಲ ಅಂತ ಎದೆ ಉಬ್ಬಿಸಿ ಎರಡನೇ ಮೆಟ್ಟಿಲಿಗೆ ಕಾಲಿಟ್ಟೆ ನೋಡಿ, ಉರುಳಿಕೊಂಡು ಹೋಗಿ ನಿರ್ದೇಶಕನ ಬೂಟಿನ ಹತ್ತಿರ ನಿಂತೆ. ಹೆಲ್ಮೆಟ್ ಇನ್ನೂ ಮುಂದಕ್ಕೆ ಹೋಯಿತು. "ಕಟ್! ಅದ್ಭುತ!" ಅಂತ ಆತ ಕೂಗಿದ.

ಅದನ್ನೇ ತಪ್ಪು ವಿಧಾನ ಅಂತ ಚಿತ್ರಕ್ಕೆ ಸೇರಿಸಿದರು. ಆ ಕಾರ್ಖಾನೆಯಲ್ಲಿ ಪ್ರತಿ ಸಲವೂ ಹೊಸಬರಲ್ಲಿ ಒಬ್ಬರಾದರೂ ಕೈಯೆತ್ತಿ ಕೇಳುತ್ತಾರಂತೆ: "ಸಾರ್, ಆಕೆ ಹೆಲ್ಮೆಟ್ ಹಾಕಿದಾರೆ, ಕಂಬಿ ಹಿಡಿದಿದಾರೆ, ನಿಧಾನವಾಗಿ ಇಳೀತಿದಾರೆ. ತಪ್ಪು ಏನು ಮಾಡಿದರು?" ಪಾಠ ಮಾಡುವವನಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಡಾಕ್ಟರಮ್ಮ

ಆಮೇಲೆ ಸಿಕ್ಕಿದ್ದು ಮಂಡಿ ನೋವಿನ ಮುಲಾಮಿನ ಜಾಹೀರಾತು. ಬಿಳಿ ಕೋಟು, ಕುತ್ತಿಗೆಗೆ ಸ್ಟೆತಾಸ್ಕೋಪು. ಮಂಡಿ ನೋಡೋಕೆ ಸ್ಟೆತಾಸ್ಕೋಪ್ ಯಾಕೆ ಅಂತ ನಮ್ಮನೆಯವರು ಮೂರು ದಿನ ಕೇಳಿದರು. ನಾನು ಕ್ಯಾಮೆರಾ ನೋಡಿ ಮುಗುಳ್ನಕ್ಕು, "ನಿಮ್ಮ ಮಂಡಿ ನಿಮ್ಮ ಮಾತು ಕೇಳಬೇಕು" ಅಂತ ಒಂದೇ ಮಾತು ಹೇಳಬೇಕಿತ್ತು. ಆ ಜಾಹೀರಾತು ಒಂದು ಚಳಿಗಾಲವಿಡೀ ಟಿ.ವಿ.ಯಲ್ಲಿ ಬಂತು.

ಯುಗಾದಿಗೆ ನಮ್ಮ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದೆವು. ಹೋಳಿಗೆ ಬಾಯಿಗಿಡುವ ಮೊದಲೇ ಮೈಸೂರಿನ ಕಡೆಯ ಒಬ್ಬರು ಅಂಕಲ್ ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ಬಂದು ನನ್ನೆದುರು ಕುರ್ಚಿ ಎಳೆದುಕೊಂಡರು.

"ಸ್ವಲ್ಪ ನೋಡಮ್ಮ. ಮೆಟ್ಟಿಲು ಹತ್ತುವಾಗ ಕಟಕ್ ಅನ್ನುತ್ತೆ."

"ಅಂಕಲ್, ನಾನು ಡಾಕ್ಟರಲ್ಲ. ಅದು ಜಾಹೀರಾತು. ನಮ್ಮನೆಯವರು ನಿಜವಾದ ಮೂಳೆ ಡಾಕ್ಟರು, ಇಲ್ಲೇ ಇದಾರೆ ನೋಡಿ."

ನಮ್ಮನೆಯವರು ತಟ್ಟೆ ಕೆಳಗಿಟ್ಟು, ಮಂಡಿ ಒತ್ತಿ ನೋಡಿ, ಎರಡು ವ್ಯಾಯಾಮ ಹೇಳಿಕೊಟ್ಟರು. ದಿನಾ ಹತ್ತು ನಿಮಿಷ ಮಾಡಿ ಅಂದರು. ಅಂಕಲ್ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ ನನ್ನ ಕಡೆ ತಿರುಗಿ, "ನೀನೇನು ಹೇಳ್ತೀಯಮ್ಮ?" ಅಂದರು.

"ಅವರು ಹೇಳಿದ್ದೇ ಅಂಕಲ್."

"ಹಾಗಲ್ಲ. ಟಿ.ವಿ.ಲಿ ಹೇಳಿದ ಹಾಗೆ ಹೇಳು."

ಇಪ್ಪತ್ತೆರಡು ವರ್ಷ ಮೂಳೆಗಳ ಜೊತೆ ಬಾಳಿದ ನನ್ನ ಗಂಡನ ಮುಖ ನೋಡದೆ, ಅವರು ಹೇಳಿದ್ದನ್ನೇ ಮುಗುಳ್ನಗೆಯೊಂದಿಗೆ ಒಪ್ಪಿಸಿದೆ. ಅಂಕಲ್ ಪ್ಯಾಂಟ್ ಇಳಿಸಿಕೊಂಡು ಎದ್ದರು. "ಈಗ ನೋಡಿ, ಸಮಾಧಾನ ಆಯ್ತು" ಅಂತ ನಮ್ಮನೆಯವರ ಭುಜ ತಟ್ಟಿ, "ನೀವೂ ಹೆಂಡತಿ ಹತ್ರ ಸ್ವಲ್ಪ ಕಲೀರಿ ಸಾರ್" ಅಂದರು.

ಸಾಕಷ್ಟು ಇಂಡಿಯನ್ ಅಲ್ಲ

ಶಿಕಾಗೋದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ನನಗಿದು ಗೊತ್ತು. ಆದರೂ ಪ್ರತಿ ಆಡಿಷನ್ನಿಗೂ ತಡವಾದೀತು ಅಂತ ಒಂದು ಗಂಟೆ ಬೇಗ ಹೊರಡುತ್ತೇನೆ, ಅಲ್ಲಿ ಹೋದರೆ ಎರಡು ಗಂಟೆ ಬೇಗ ಮುಟ್ಟಿರುತ್ತೇನೆ. ಪಾರ್ಕಿಂಗ್ ಲಾಟಿನಲ್ಲಿ ಸುತ್ತು ಹೊಡೆಯುತ್ತೇನೆ. ಒಂದು ಸಲ ಅಲ್ಲಿನ ಗಾರ್ಡು ಏನಾದರೂ ಕಳೆದುಕೊಂಡಿದೀರಾ ಅಂತ ಬಂದು, ನನ್ನ ಜೊತೆ ನೆಲ ನೋಡುತ್ತ ಎರಡು ಸುತ್ತು ಬಂದ. ನನಗೂ ಬೇಜಾರಾಗಿತ್ತು, ಬೇಡ ಅನ್ನಲಿಲ್ಲ.

ಅವತ್ತಿನದು ಒಂದು ಧಾರಾವಾಹಿಯ ಔಷಧಿ ಅಂಗಡಿಯವಳ ಪಾತ್ರ. ಆರು ಮಾತುಗಳಿದ್ದವು. ಆರು! ಓದಿದೆ. ಆಯ್ಕೆ ಮಾಡುವ ಹೆಂಗಸು ಪೆನ್ನು ಕಚ್ಚುತ್ತ, "ಚೆನ್ನಾಗಿದೆ. ಆದರೆ ಇನ್ನೂ ಸ್ವಲ್ಪ ಇಂಡಿಯನ್ ಆಗಿ ಮಾತಾಡಬಹುದಾ?" ಅಂದಳು.

"ನಾನು ಹುಟ್ಟಿ ಬೆಳೆದಿದ್ದೇ ಮೈಸೂರು" ಅಂದೆ.

"ಗೊತ್ತು. ಅದು ಕೇಳಿಸ್ತಾ ಇಲ್ಲ."

ಪಕ್ಕದ ಕೋಣೆಯಲ್ಲಿ ಉಚ್ಚಾರಣೆ ಕಲಿಸುವವನೊಬ್ಬನಿದ್ದ. ಕೆಂಪು ಗಡ್ಡ, ಒಳ್ಳೆಯ ಮನುಷ್ಯ, ಇಂಡಿಯಾಕ್ಕೆ ಒಮ್ಮೆಯೂ ಹೋದವನಲ್ಲ. ನಾಲಿಗೆಯನ್ನು ಎಲ್ಲಿ ಮಡಚಬೇಕು ಅಂತ ಕನ್ನಡಿ ಕೊಟ್ಟು ತೋರಿಸಿದ. "ಟ" ಹೇಳಿಸಿದ. ನನ್ನ "ಟ" ಅವನಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ, "ಒಂದು ರೆಕಾರ್ಡಿಂಗ್ ಹಾಕ್ತೀನಿ. ಈ ಹೆಂಗಸು ಮಾತಾಡೋದು ಅಪ್ಪಟ. ನಾನು ಎಲ್ಲರಿಗೂ ಇವರನ್ನೇ ಕೇಳಿಸೋದು. ಹಾಗೇ ಅನುಕರಿಸಿ" ಅಂತ ಹೆಡ್‌ಫೋನ್ ಕೊಟ್ಟ.

ಕಿವಿಗಿಟ್ಟುಕೊಂಡೆ. "ನಿಮ್ಮ ಮಂಡಿ ನಿಮ್ಮ ಮಾತು ಕೇಳಬೇಕು."

ನಾನೇ! ಹೇಳಬೇಕು ಅಂತ ಬಾಯಿ ತೆಗೆದೆ. ಆರು ಮಾತಿನ ಪಾತ್ರ ಕಣ್ಣ ಮುಂದೆ ಬಂತು. ಹೇಳಿದರೆ ಪಾಪ ಅವನಿಗೆ ಮುಜುಗರ, ಸುಮ್ಮನೆ ಅನುಕರಿಸಿದರೆ ಪಾತ್ರ ನನ್ನದು. ಅದಕ್ಕಿಂತ ಸುಲಭದ ಕೆಲಸ ಇನ್ನೇನಿದೆ? ನಾಲ್ಕು ಸಲ ಹೇಳಿದೆ.

ಕೆಂಪು ಗಡ್ಡದವನು ಬಹಳ ಮರುಕದಿಂದ ನನ್ನ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡ. "ಬೇಜಾರು ಮಾಡ್ಕೋಬೇಡಿ" ಅಂದ. "ಆಕೆಯ ಹಾಗೆ ಮಾತಾಡೋದು ಎಲ್ಲರಿಗೂ ಬರಲ್ಲ."

ಕಾಲುಂಗುರ

ಆರು ಮಾತು ಹೋಯಿತು, ಒಂದೂ ಮಾತಿಲ್ಲದ ಪಾತ್ರ ಸಿಕ್ಕಿತು. ಅದೇ ಶಿಕಾಗೋದಲ್ಲಿ, ಒಂದು ಪತ್ತೇದಾರಿ ಧಾರಾವಾಹಿಯ ಹೆಣ.

ಒಂದು ನಿಮಿಷ ಕಾಲಾಡಿಸದೆ ಕೂರಲಾರದವಳಿಗೆ ಎಂಟು ಗಂಟೆ ಮಲಗುವ ಕೆಲಸ. ಸ್ಟೀಲಿನ ಮೇಜು, ಮೇಲೊಂದು ಬಿಳಿ ಬಟ್ಟೆ. ಪತ್ತೇದಾರನ ಪಾತ್ರ ಮಾಡುವವನು ನನ್ನ ತಲೆಯ ಹತ್ತಿರ ನಿಂತು ದುಃಖಪಡುತ್ತಿದ್ದ. ನನಗೆ ಒಲೆ ಆರಿಸಿದೆನೋ ಇಲ್ಲವೋ ಅನ್ನೋ ಯೋಚನೆ. ಎರಡು ಸಲ ಕಾಲ್ಬೆರಳು ಆಡಿತು ಅಂತ ಬೈಸಿಕೊಂಡೆ. ಮೂರನೇ ಸಲ ಕಾಲನ್ನೇ ಟೇಪ್ ಹಾಕಿ ಮೇಜಿಗೆ ಅಂಟಿಸಿದರು.

ಅದು ಪ್ರಸಾರವಾಗುವ ಸುದ್ದಿಯನ್ನು ಅಮ್ಮನಿಗೆ ಹೇಳಿದೆ. ಪಾತ್ರ ಯಾವುದು ಅಂತ ಹೇಳಲಿಲ್ಲ. ಮೈಸೂರಿನಲ್ಲಿ ಅಮ್ಮ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು, ಲ್ಯಾಪ್‌ಟಾಪ್ ಮುಂದೆ ಚಾಪೆ ಹಾಸಿ, ಕಡುಬು ಮಾಡಿ ಕೂರಿಸಿದ್ದರಂತೆ. ಮುಕ್ಕಾಲು ಗಂಟೆ ಕಾದ ಮೇಲೆ ಬಿಳಿ ಬಟ್ಟೆ ಹೊದ್ದ ಹೆಣ ಬಂತು. ಮುಖವನ್ನು ತೋರಿಸಲೇ ಇಲ್ಲ. ತೋರಿಸಿದ್ದು ಚೀಟಿ ಕಟ್ಟಿದ ಎರಡು ಪಾದ.

ಆದರೂ ಹೆತ್ತವರಿಗೆ ಗೊತ್ತಾಗುತ್ತದೆ. ಅದು ಮುಗಿದ ಎರಡೇ ನಿಮಿಷಕ್ಕೆ ವಿಡಿಯೋ ಕಾಲ್ ಬಂತು. ಅಮ್ಮನ ಮುಖ ಕೆಂಪಾಗಿತ್ತು.

"ಅಮ್ಮ, ಬೇಜಾರು ಮಾಡ್ಕೋಬೇಡ. ಬರೀ ನಾಟಕ. ನಾನು ಗುಂಡುಕಲ್ಲಿನ ಹಾಗಿದೀನಿ" ಅಂದೆ.

"ಅದು ನಂಗೂ ಗೊತ್ತಮ್ಮ. ನೀನು ಸತ್ತಿದ್ದಕ್ಕೆ ನಂಗೇನೂ ಇಲ್ಲ. ಕಾಲುಂಗುರ ಎಲ್ಲಿ?"

"ಚೀಟಿ ಕಟ್ಟೋಕೆ ಅಡ್ಡ ಬರುತ್ತೆ ಅಂತ ತೆಗೆಸಿದ್ರು."

"ತೆಗೆಸಿದ್ರಾ! ಎದುರುಮನೆಯವರ ಮುಂದೆ ನನ್ನ ಮಾನ ಹೋಯ್ತು. ಅಳಿಯಂದ್ರು ಅಲ್ಲಿ ಸೋಫಾ ಮೇಲೆ ಕಾಲು ಚಾಚ್ಕೊಂಡು ಕೂತಿರೋದು ಇಲ್ಲಿಗೆ ಕಾಣ್ತಿದೆ. ಗಂಡ ಗಟ್ಟಿಯಾಗಿರುವಾಗ, ಸಾಯೋದು ಸಾಯ್ತೀಯ, ಮುತ್ತೈದೆ ಥರ ಸಾಯೋಕೇನು ಕಷ್ಟ ನಿಂಗೆ?"

ಕನ್ನಡ ಬಂದ ನಿರಾಶ್ರಿತೆ

ಡೆಟ್ರಾಯಿಟ್‌ನಲ್ಲಿ ಒಂದು ಸಿನಿಮಾದವರು ಬೀದಿಯಲ್ಲಿ ಬದುಕುವವರ ಗುಂಪಿನ ದೃಶ್ಯ ತೆಗೆಯುತ್ತಿದ್ದರು. ಗುಂಪಿನಲ್ಲಿ ನಾನೂ ಒಬ್ಬಳು. ಕೆನ್ನೆಗೆ ಮಸಿ, ತಲೆಗೆ ಹರಕು ಉಣ್ಣೆ ಟೋಪಿ, ಮೂರು ಸೈಜು ದೊಡ್ಡ ಬೂಟು. ಮಧ್ಯಾಹ್ನಕ್ಕೆ ಮುಗಿಯಬೇಕಾದ್ದು ಮೂರು ಗಂಟೆಗೆ ಮುಗಿಯಿತು. ಅಷ್ಟರಲ್ಲಿ ಲಿವೋನಿಯಾದಲ್ಲಿ ನಮ್ಮ ಗುಂಪಿನ ಕೋಟು ಹಂಚಿಕೆ ಶುರುವಾಗಿ ಒಂದು ಗಂಟೆಯಾಗಿತ್ತು. ಹಂಚುವ ಮುಂದಾಳು ನಾನೇ. ಮುಖ ತೊಳೆಯೋಕೂ ನಿಲ್ಲದೆ ಕಾರು ಓಡಿಸಿದೆ.

ಹೊರಗೆ ನೀರು ಕಲ್ಲಾಗುವ ಚಳಿ, ಹದಿನೈದು ಡಿಗ್ರಿ ಫ್ಯಾರನ್‌ಹೀಟ್. ಬಾಗಿಲಲ್ಲಿ ಧಾರವಾಡದ ಕಡೆಯ ಆಂಟಿ ನಿಂತಿದ್ದರು. ನಿವೃತ್ತ ಟೀಚರು, ನಮ್ಮ ಗುಂಪಿಗೆ ಹೊಸಬರು, ನನ್ನನ್ನು ಎರಡೇ ಸಲ ನೋಡಿದವರು. ನಾನು ಒಳಗೆ ನುಗ್ಗಲು ಹೋದರೆ ಕೈ ಅಡ್ಡ ಹಿಡಿದು ಇಂಗ್ಲಿಷಿನಲ್ಲಿ, "ಲೈನ್, ಪ್ಲೀಸ್" ಅಂದರು. ಟೀಚರ ದನಿ ಅದು. ನನ್ನ ಕಾಲು ನನ್ನನ್ನು ಕೇಳದೆ ಸಾಲಿನಲ್ಲಿ ಹೋಗಿ ನಿಂತಿತು.

ಆಂಟಿ ಪಕ್ಕದಲ್ಲಿದ್ದ ಇನ್ನೊಬ್ಬರಿಗೆ ಹೇಳುತ್ತಿದ್ದರು: "ಎಲ್ಲಾರೂ ಬಂದ್ರು, ನಮ್ಮ ಆಕ್ಟ್ರೆಸ್ ಬಾಯಿ ಇನ್ನೂ ಬಂದಿಲ್ಲ ನೋಡ್ರಿ. ಎಲ್ಲೆ ಕ್ಯಾಮೆರಾ ಕಂಡ್ಳೋ, ಅದರ ಮುಂದ ನಿಂತಿರಬೇಕು."

ತಡೆಯಲಾಗಲಿಲ್ಲ. "ಬಂದಿದೀನಿ ಆಂಟಿ! ಇಲ್ಲೇ ಇದೀನಿ, ಸಾಲಲ್ಲಿ! ಸ್ವಲ್ಪ ಒಳಗೆ ಬಿಡಿ!" ಅಂತ ಕೂಗಿದೆ.

ಆಂಟಿ ನನ್ನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದರು. ಕಣ್ಣು ತುಂಬಿ ಬಂತು. ಪಕ್ಕದವರ ಕೈ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು:

"ಕೇಳಿದ್ರೇನ್ರೀ? ಯಾವ ದೇಶದಿಂದ ಬಂದಾಳೋ ಪಾಪ, ಕನ್ನಡ ಎಷ್ಟು ಛಂದ ಕಲತಾಳ! ನಮ್ಮ ಮಕ್ಕಳಿಗೆ ಇಷ್ಟರ ಬರತೈತೇನು?"

ವಿಮರ್ಶೆ

ಹೋದ ಚಳಿಗಾಲ ಒಂದು ದೊಡ್ಡ ತಾಪತ್ರಯ ಬಂತು. ನಾಲ್ಕು ಕುಟುಂಬಗಳು, ಒಟ್ಟು ಹದಿನೈದು ಜನ, ಒಂದು ಮೋಟೆಲಿನಲ್ಲಿದ್ದರು. ಶುಕ್ರವಾರಕ್ಕೆ ಅಲ್ಲಿರುವ ಗಡುವು ಮುಗಿಯುತ್ತಿತ್ತು. ಪಕ್ಕದ ಟೌನ್‌ಶಿಪ್ಪಿನಲ್ಲಿ ಒಂದು ಹಳೆಯ ಹಲ್ಲಿನ ಆಸ್ಪತ್ರೆಯ ಕಟ್ಟಡ ಖಾಲಿ ಬಿದ್ದಿತ್ತು, ಅದರ ಮಾಲೀಕರು ವಸಂತದವರೆಗೆ ಇಟ್ಟುಕೊಳ್ಳಿ ಅಂದಿದ್ದರು. ಆದರೆ ಟೌನ್‌ಶಿಪ್ಪಿನ ಊರಾಡಳಿತದ ಅನುಮತಿ ಬೇಕು. ಆ ಬೀದಿಯ ಜನಕ್ಕೆ ಇಷ್ಟವಿರಲಿಲ್ಲ. ಅನುಮತಿ ಸಿಗದಿದ್ದರೆ ಹದಿನೈದು ಜನವನ್ನು ನಾಲ್ಕು ಊರಿಗೆ ಹಂಚಬೇಕು, ಮಕ್ಕಳು ಈಗಷ್ಟೇ ಸೇರಿದ ಶಾಲೆ ಬಿಡಬೇಕು.

ಬುಧವಾರ ಸಂಜೆ ಸಭೆ. "ನೀವು ನಟಿ, ನೀವೇ ಮಾತಾಡಿ" ಅಂದರು ನಮ್ಮವರು. ಮೂರು ನಿಮಿಷ ಸಿಗುತ್ತದೆ. ಎರಡು ದಿನ ನಿದ್ದೆಯಿಲ್ಲ. ಕಾರಿನಲ್ಲಿ, ಅಡುಗೆಮನೆಯಲ್ಲಿ, ಲಾಂಡ್ರಿ ಮಡಚುತ್ತ ಅಭ್ಯಾಸ ಮಾಡಿದೆ. ಒಂದು ನಿಮಿಷ ನಲವತ್ತನೇ ಸೆಕೆಂಡಿಗೆ ಎಡಗಣ್ಣಿನಿಂದ ಒಂದೇ ಒಂದು ಹನಿ ಬರಬೇಕು. ಹೆದ್ದಾರಿಯಲ್ಲಿ ಇಳಿಯಬೇಕಾದ ಎಕ್ಸಿಟ್ ತಪ್ಪಿತು, ಹನಿ ತಪ್ಪಲಿಲ್ಲ.

ಸಭೆಯಲ್ಲಿ ಐವತ್ತು ಜನರಿದ್ದರು. ನಮ್ಮ ಕುಟುಂಬಗಳು ಹಿಂದಿನ ಸಾಲಿನಲ್ಲಿ ಕೂತಿದ್ದವು. ಮೈಕಿನ ಮುಂದೆ ನಿಂತು ಶುರು ಮಾಡಿದೆ. ಒಂದು ನಿಮಿಷ ಮೂವತ್ತು. ಎಡಗಣ್ಣು ಒದ್ದೆಯಾಗತೊಡಗಿತು. ಅಷ್ಟರಲ್ಲಿ ಮೂರನೇ ಸಾಲಿನಿಂದ ಹಸಿರು ಸ್ವೆಟರಿನ ಹೆಂಗಸೊಬ್ಬಳು ಎದ್ದಳು.

"ಒಂದು ನಿಮಿಷ. ಈಕೆ ನನಗೆ ಗೊತ್ತು. ಎರಡು ಮಕ್ಕಳ ತಾಯಿಯನ್ನು ಹಿಮದಲ್ಲಿ ಮನೆಯಿಂದ ಹೊರಗೆ ಹಾಕಿದವಳು ಇವಳೇ!"

ಎಲ್ಲರೂ ನನ್ನ ಕಡೆ ನೋಡಿದರು. ನಿಜ ಹೇಳಬೇಕೆಂದರೆ, ಹಾಕಿದ್ದೆ. ಬಾಡಿಗೆದಾರರ ಹಕ್ಕುಗಳ ಬಗ್ಗೆ ಒಂದು ಕಿರುಚಿತ್ರದಲ್ಲಿ ಮನೆ ಓನರ್ ಪಾತ್ರ ಮಾಡಿದ್ದೆ. ತಿಂಗಳುಗಟ್ಟಲೆ ಅದನ್ನು ಎಲ್ಲ ಲೈಬ್ರರಿಗಳಲ್ಲಿ ತೋರಿಸಿದ್ದರು.

"ಅದು ನಟನೆ" ಅಂದೆ.

"ಹಾಗಾದರೆ ಇದು ನಟನೆಯಲ್ಲ ಅಂತ ನಮಗೆ ಹೇಗೆ ಗೊತ್ತಾಗಬೇಕು?"

ಎಡಗಣ್ಣಿನ ಹನಿಯನ್ನು ನಾನು ಆಗಷ್ಟೇ ಸೆಕೆಂಡು ಲೆಕ್ಕದಲ್ಲಿ ಕರೆಯುತ್ತಿದ್ದೆನಲ್ಲ! ಕಲಿತ ಮಾತುಗಳೆಲ್ಲ ಹಾರಿಹೋದವು. ಹಿಂದಿನ ಸಾಲು ಕಣ್ಣಿಗೆ ಬಿತ್ತು. ಈ ಜನರ ಸೂರನ್ನು ನಾನೇ ಕಳೆದೆ ಅನ್ನಿಸಿ ನಿಜವಾದ ಅಳು ಬಂತು, ಎರಡೂ ಕಣ್ಣಿಂದ, ಮೂಗಿನಿಂದ ಕೂಡ. "ನೋಡಿ, ಹೇಗೆ ಅಳ್ತಾಳೆ!" ಅಂದಳು ಹಸಿರು ಸ್ವೆಟರಿನವಳು. ಟೈಮರ್ ಪೀಪ್ ಅಂತು. ಕೂತೆ.

ಆಗ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಎದ್ದರು. ನಾಲ್ಕು ಕುಟುಂಬಗಳಲ್ಲಿ ಹಿರಿಯರು ಅವರು. ವಾರಕ್ಕೊಂದು ಸಲ ನಾನು ಅವರ ಕೋಣೆಗೆ ಹೋಗುತ್ತೇನೆ, ಅವರು ಬೆಣ್ಣೆ, ಉಪ್ಪು ಹಾಕಿದ ತಮ್ಮ ದೇಶದ ಚಹಾ ಕೊಡುತ್ತಾರೆ. ಸೊಸೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅಜ್ಜಿ ತಮ್ಮ ಭಾಷೆಯಲ್ಲಿ ಮಾತಾಡಿದರು. ಸೊಸೆ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಂದಳು.

"ನಮ್ಮತ್ತೆ ಹೇಳ್ತಾರೆ, ಈ ಹೆಂಗಸಿಗೆ ನಟನೆ ಬರಲ್ಲ."

ಐವತ್ತು ತಲೆಗಳೂ ಹಿಂದಕ್ಕೆ ತಿರುಗಿದವು.

"ಪ್ರತಿ ವಾರ ಬಂದು ನಮ್ಮ ಚಹಾ ಕುಡೀತಾರೆ. ಬಹಳ ಚೆನ್ನಾಗಿದೆ ಅಂತಾರೆ. ಆಗ ಅವರ ಮುಖ ಹೀಗಿರುತ್ತೆ." ಇಲ್ಲಿ ಅಜ್ಜಿ ಹುಬ್ಬು ಗಂಟಿಕ್ಕಿ, ಕೆನ್ನೆ ಒಳಗೆಳೆದು, ಕತ್ತು ಹಿಂದಕ್ಕೆ ತೆಗೆದು ತೋರಿಸಿದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಅವರು ಹೋದ ಮೇಲೆ ನಾವೆಲ್ಲ ಆ ಮುಖ ಮಾಡಿಕೊಂಡು ನಗ್ತೀವಿ. ಈ ದೇಶಕ್ಕೆ ಬಂದ ಮೇಲೆ ನಾವು ನಕ್ಕಿದ್ದು ಅದೊಂದಕ್ಕೇ. ಒಂದು ಲೋಟ ಚಹಾದ ವಿಷಯದಲ್ಲೇ ಸುಳ್ಳು ಹೇಳೋಕೆ ಬಾರದವರು ಇಷ್ಟು ಜನರ ಮುಂದೆ ಹೇಗೆ ಹೇಳ್ತಾರೆ? ಆದರೂ ಅವರು ಮುಂದಿನ ವಾರ ಮತ್ತೆ ಬರ್ತಾರೆ. ಅದು ಸಾಲದಾ?"

ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಕ್ಕೋ ಅತ್ತೋ ತಿಳಿಯಲಿಲ್ಲ. ಹಸಿರು ಸ್ವೆಟರಿನವಳು ನನ್ನ ಕಡೆ ತಿರುಗಿ, "ನಿಜವಾಗಲೂ ಉಪ್ಪಾ?" ಅಂದಳು. "ಉಪ್ಪು, ಮೇಲೆ ಬೆಣ್ಣೆ" ಅಂದೆ. ಆಕೆ ಕೂತಳು. ಏಳು ಜನ ಸದಸ್ಯರಲ್ಲಿ ಐವರು ಕೈಯೆತ್ತಿದರು. ಶುಕ್ರವಾರ ಹದಿನೈದು ಜನರೂ ಹಾಸಿಗೆ ಸಮೇತ ಹಲ್ಲಿನ ಆಸ್ಪತ್ರೆಗೆ ಬಂದರು. ಹಸಿರು ಸ್ವೆಟರಿನವಳು ಒಂದು ಡಬ್ಬ ಸಕ್ಕರೆ ತಂದಿದ್ದಳು.

ಸಭೆಯ ನಡವಳಿಯನ್ನು ಟೌನ್‌ಶಿಪ್ಪಿನವರು ಮುಂದಿನ ವಾರ ಎಲ್ಲರೂ ಓದುವ ಹಾಗೆ ವೆಬ್‌ಸೈಟಿನಲ್ಲಿ ಹಾಕಿದರು. ಆರು ವರ್ಷದಲ್ಲಿ ನನ್ನ ಬಗ್ಗೆ ಅಚ್ಚಾದ ಮೊದಲ ವಿಮರ್ಶೆ ಅದು. ಏಜೆಂಟಿಗೆ ಕಳಿಸಲಿಲ್ಲ. ನಮ್ಮನೆಯವರು ಮಾತ್ರ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದಾರೆ:

"ಅರ್ಜಿಯ ಪರ ಮಾತಾಡಿದ ಮಹಿಳೆಗೆ ನಟನೆ ಬರುವುದಿಲ್ಲ ಎಂದು ಸಭಿಕರೊಬ್ಬರು ಸಭೆಯ ಗಮನಕ್ಕೆ ತಂದರು. ಯಾರೂ ಆಕ್ಷೇಪಿಸಲಿಲ್ಲ."